ಬಣ್ಣ ಬಂದರೆ ಕೆಲಸ ಬಂದಂತೆಯೇ?



ಗೋಡೆಯ ಪೇಂಟಿಗೆ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್‌ನ ಸೊಗಸಿಗೂ, ಬೆಳಕಿನಿಂದ ರಾಸಾಯನಿಕ ಕೆಲಸ ತೆಗೆಯುವ ನಮ್ಮ ಕ್ಷೇತ್ರದ ಐವತ್ತು ವರ್ಷಗಳ ತೊಡಕಿಗೂ ಕಾರಣ ಒಂದೇ: ಅದು ಗೋಚರ ಬೆಳಕನ್ನು ಹೀರುವುದಿಲ್ಲ. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಇದರ ರೂಟೈಲ್ ಹರಳಿನ ಮೇಲೆ ಬೆಳಕು ಬಿಟ್ಟು ನೀರನ್ನು ಒಡೆದು ತೋರಿಸಿದರು. ಹೆಚ್ಚು ಬಳಕೆಯಲ್ಲಿರುವ ಅನಟೇಸ್ ರೂಪದಲ್ಲಿ ಎಲೆಕ್ಟ್ರಾನು ಮೇಲಿನ ಪಟ್ಟಿಗೆ ಜಿಗಿಯಲು 3.2 ಎಲೆಕ್ಟ್ರಾನ್ ವೋಲ್ಟ್ ಬೇಕು. ಅಂದರೆ ಸುಮಾರು 387 ನ್ಯಾನೋಮೀಟರಿಗಿಂತ ಕಿರಿದಾದ ಅಲೆಯ ಬೆಳಕು, ನೇರಳಾತೀತ. ನೆಲಕ್ಕೆ ತಲುಪುವ ಬಿಸಿಲಿನಲ್ಲಿ ಅದರ ಪಾಲು ಶೇ. 4-5 ಮಾತ್ರ. ಇದಕ್ಕೆ ನಾವು ಕಂಡುಕೊಂಡ ಮದ್ದು ಲೋಹ. ಕ್ರೋಮಿಯಮ್ಮನ್ನೋ ಕಬ್ಬಿಣವನ್ನೋ ಚಿಟಿಕೆಯಷ್ಟು ಬೆರೆಸಿದರೆ ಬಿಳಿಯ ಪುಡಿಗೆ ಬಣ್ಣ ಬರುತ್ತದೆ, ಹೀರಿಕೆಯ ರೇಖೆ ಗೋಚರ ಬೆಳಕಿನತ್ತ ಸರಿಯುತ್ತದೆ, ಪ್ರಬಂಧವೊಂದು ಸಿದ್ಧವಾಗುತ್ತದೆ. ಆದರೆ ಬೆಳಕನ್ನು ಹೀರುವುದು ಬೇರೆ, ಆ ಬೆಳಕಿನಿಂದ ಕೆಲಸ ತೆಗೆಯುವುದು ಬೇರೆ. ಎರಡರ ನಡುವಿನ ಕಂದಕವನ್ನು ದಾಟಿಸುವುದು ಲೋಹದ ಪ್ರಮಾಣವಲ್ಲ, ಅದು ಕೂತ ಜಾಗ. ಈ ಹೊತ್ತು ನಾನು ವಾದಿಸಬೇಕೆಂದಿರುವುದು ಇದನ್ನೇ.

ಹರಳಿನ ಒಳಗೆ ಕೂತ ಲೋಹ ಏನು ಮಾಡುತ್ತದೆ ನೋಡಿ. ಟೈಟಾನಿಯಂನ ಜಾಗಕ್ಕೆ ಬಂದ ಕ್ರೋಮಿಯಂ ಎರಡು ಪಟ್ಟಿಗಳ ನಡುವೆ ಒಂದು ಮೆಟ್ಟಿಲನ್ನು ಕಟ್ಟುತ್ತದೆ. ಕಡಿಮೆ ಶಕ್ತಿಯ ಬೆಳಕು ಆ ಮೆಟ್ಟಿಲಿನಿಂದ ಎಲೆಕ್ಟ್ರಾನನ್ನು ಮೇಲಕ್ಕೆತ್ತಬಲ್ಲದು. ಸರಿ, ಆದರೆ ಎಲೆಕ್ಟ್ರಾನು ಬಿಟ್ಟುಹೋದ ಖಾಲಿ ಜಾಗ, ಅಂದರೆ ರಂಧ್ರವೂ ಅದೇ ಮೆಟ್ಟಿಲಿನಲ್ಲಿ ಸಿಕ್ಕಿಕೊಂಡಿರುತ್ತದೆ. ಅದಕ್ಕೆ ಆಳದ ಪಟ್ಟಿಯ ರಂಧ್ರಕ್ಕಿರುವ ಉತ್ಕರ್ಷಣ ಶಕ್ತಿಯಿಲ್ಲ, ಮೇಲ್ಮೈವರೆಗೆ ಸರಿದುಬರುವ ಚಲನೆಯೂ ಇಲ್ಲ. ಕೆಳಗಿಳಿಯುವ ಎಲೆಕ್ಟ್ರಾನಿಗೂ ಅದೇ ಮೆಟ್ಟಿಲು ಸಲೀಸು. ಇಬ್ಬರೂ ಅಲ್ಲೇ ಕೂಡಿಕೊಂಡು ಬೆಳಕಿನ ಶಕ್ತಿ ಬರಿಯ ಶಾಖವಾಗಿ ಹೋಗುತ್ತದೆ. ಪ್ರಮಾಣದ ಲೆಕ್ಕವನ್ನೂ ಹಾಕೋಣ. 10 ನ್ಯಾನೋಮೀಟರ್ ಅಡ್ಡಳತೆಯ ಅನಟೇಸ್ ಕಣದಲ್ಲಿ ಸುಮಾರು 15,000 ಟೈಟಾನಿಯಂ ಪರಮಾಣುಗಳಿರುತ್ತವೆ. ಶೇ. 0.5ರಷ್ಟು ಲೋಹವೆಂದರೆ 75 ಪರಮಾಣು, ಒಂದರಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ 2 ನ್ಯಾನೋಮೀಟರ್ ದೂರ. ಶೇ. 5ಕ್ಕೆ ಏರಿಸಿದರೆ 750 ಪರಮಾಣು, ದೂರ 1 ನ್ಯಾನೋಮೀಟರಿಗೂ ಕಡಿಮೆ. ಎಲೆಕ್ಟ್ರಾನು ಯಾವ ಕಡೆ ಹೊರಟರೂ ಹಳ್ಳಕ್ಕೇ ಬೀಳಬೇಕು. 1994ರಲ್ಲಿ ಚೋಯ್, ಟರ್ಮಿನ್ ಮತ್ತು ಹಾಫ್‌ಮನ್ 21 ಲೋಹಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಕಬ್ಬಿಣ, ರುಥೇನಿಯಂ, ವನೇಡಿಯಂನಂಥ ಕೆಲವು ಶೇ. 0.1ರಿಂದ 0.5ರ ಒಳಗೆ ನೆರವಾದವು. ಕೋಬಾಲ್ಟ್ ಮತ್ತು ಅಲ್ಯೂಮಿನಿಯಂ ಇದ್ದ ಚಟುವಟಿಕೆಯನ್ನೂ ತಗ್ಗಿಸಿದವು.

ನಮ್ಮ ಮನೆಯಂಗಳದ ಸಾಕ್ಷ್ಯವೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಾಗವೇಣಿ, ಹೆಗ್ಡೆ ಮತ್ತು ಮದ್ರಾಸ್ ಅವರು ದ್ರಾವಣ ದಹನ ವಿಧಾನದಿಂದ ಟಂಗ್‌ಸ್ಟನ್, ವನೇಡಿಯಂ, ಸೀರಿಯಂ, ಜಿರ್ಕೋನಿಯಂ, ಕಬ್ಬಿಣ, ತಾಮ್ರಗಳನ್ನು ಹರಳಿಗೆ ಸೇರಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದೇ ವಿಧಾನದ ಲೋಹವಿಲ್ಲದ ಪುಡಿಯೇ ಮೇಲುಗೈ ಪಡೆಯಿತು. ಈ ಬಗೆಯ ಫಲಿತಾಂಶಕ್ಕೆ ನಾವು ಕೊಡುವ ಗೌರವ ಸಾಲದೆಂಬುದು ನನ್ನ ದೂರು. ಗೆದ್ದ ಬೆರಕೆಯನ್ನಷ್ಟೇ ಉಲ್ಲೇಖಿಸುವ ರೂಢಿ ನಮ್ಮದು.

ಹಾಗಾದರೆ ಒಳಗಿನ ಲೋಹವೆಲ್ಲ ವ್ಯರ್ಥವೇ ಎಂದು ಕೇಳಬಹುದು. ಅಲ್ಲ; ಅಷ್ಟು ದೂರ ನಾನು ಹೋಗಲಾರೆ. ಕಾಟೊ ಮತ್ತು ಕುಡೊ 2002ರಲ್ಲಿ ತೋರಿಸಿದ ಉಪಾಯ ಕೂಡಿಸುವ ಲೆಕ್ಕದಷ್ಟು ಸರಳ. ಕ್ರೋಮಿಯಂನ ವಿದ್ಯುದಂಶ 3, ಟೈಟಾನಿಯಂನದು 4. ಈ ಕೊರತೆಯನ್ನು ತುಂಬಲು ಹರಳು ಆಕ್ಸಿಜನ್ ಬಿಟ್ಟುಕೊಟ್ಟು ದೋಷಗಳನ್ನು ಮಾಡಿಕೊಳ್ಳುತ್ತದೆ. ಜೊತೆಗೆ 5ರ ಆಂಟಿಮನಿಯನ್ನು ಸೇರಿಸಿದರೆ ಮೂರೂ ಐದೂ ಎಂಟು, ಎರಡು ಟೈಟಾನಿಯಂಗಳ ಲೆಕ್ಕ ಸರಿಹೋಯಿತು. ಆ ಪುಡಿ ಗೋಚರ ಬೆಳಕಿನಲ್ಲಿ ಬೆಳ್ಳಿ ನೈಟ್ರೇಟ್ ದ್ರಾವಣದಿಂದ ಆಕ್ಸಿಜನ್ ಬಿಡಿಸಿತು. ಒಳಗೆ ಲೋಹ ಬೇಕೇಬೇಕೆಂದರೆ ಅದರ ಸಾಲವನ್ನು ತೀರಿಸುವ ಜೊತೆಗಾರನೂ ಬೇಕು.

ಇನ್ನು ಮೇಲ್ಮೈಗೆ ಬನ್ನಿ. ಟೋಕಿಯೊದ ಹಾಶಿಮೊಟೊ ಗುಂಪು 2008ರ ಸುಮಾರಿಗೆ ಹರಳಿನ ಒಳಗನ್ನು ಮುಟ್ಟದೆ, ತಾಮ್ರದ ಅಯಾನುಗಳನ್ನು ಮೈಮೇಲೆ ಮಾತ್ರ ಅಂಟಿಸಿತು. ಗೋಚರ ಬೆಳಕು ಕೆಳಪಟ್ಟಿಯ ಎಲೆಕ್ಟ್ರಾನನ್ನು ನೇರವಾಗಿ ತಾಮ್ರಕ್ಕೆ ದಾಟಿಸುತ್ತದೆ. ರಂಧ್ರ ಆಳದಲ್ಲೇ, ತನ್ನ ಪೂರ್ಣ ಶಕ್ತಿಯೊಡನೆ ಉಳಿಯುತ್ತದೆ. ಎಲೆಕ್ಟ್ರಾನು ಪಡೆದ ತಾಮ್ರ ಅದನ್ನು ಆಕ್ಸಿಜನ್ನಿಗೆ ಕೊಟ್ಟು ಮತ್ತೆ ಮೊದಲಿನಂತಾಗುತ್ತದೆ. ಇಲ್ಲಿ ಲೋಹ ಹಳ್ಳವಲ್ಲ, ಬಾಗಿಲು. ಚಿನ್ನದ ನ್ಯಾನೋಕಣಗಳ ಕಥೆಯೂ ಮೇಲ್ಮೈಯದೇ. ಹಸಿರು ಬೆಳಕಿಗೆ ಅವುಗಳ ಎಲೆಕ್ಟ್ರಾನುಗಳು ಒಟ್ಟಾಗಿ ತೂಗಾಡಿ, ಕೆಲವು ಟೈಟಾನಿಯಂ ಡೈಆಕ್ಸೈಡಿಗೆ ದಾಟುವುದನ್ನು ಟಿಯನ್ ಮತ್ತು ಟಟ್ಸುಮಾ 2005ರಲ್ಲಿ ವಿವರಿಸಿದರು. ಬೆಲೆಯ ಮಾತು ಬಿಡಿ, ಚಿನ್ನ ಚಿನ್ನವೇ.

ಗಟ್ಟಿಯಾದ ಆಕ್ಷೇಪವೊಂದು ಉಳಿದಿದೆ: ಒಳಗೆ ಬೆರೆಸಿದ ಪುಡಿಗಳೂ ಬಣ್ಣದ ನೀರನ್ನು ತಿಳಿಯಾಗಿಸುತ್ತವಲ್ಲ, ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕದಿಂದ ಹರಿಯುವ ನೀಲಿ ನೀರಿಗೆ ಅಷ್ಟು ಸಾಲದೇ? ಸಾಲದು. ಮೆಥಿಲೀನ್ ಬ್ಲೂನಂಥ ಬಣ್ಣ ತಾನೇ ಗೋಚರ ಬೆಳಕನ್ನು ಹೀರಿ, ತನ್ನ ಎಲೆಕ್ಟ್ರಾನನ್ನು ಪುಡಿಗೆ ಕೊಟ್ಟು, ತಾನೇ ಒಡೆಯಬಲ್ಲದು. ಆಗ ನಾವು ಅಳೆದದ್ದು ಲೋಹದ ಕೆಲಸವಲ್ಲ, ಬಣ್ಣದ ಆತ್ಮಹತ್ಯೆ. ಓಹ್ತಾನಿ ಮತ್ತು ಸಂಗಡಿಗರು 2006ರಲ್ಲೇ ಈ ಪರೀಕ್ಷೆಯ ಯೋಗ್ಯತೆಯನ್ನು ಪ್ರಶ್ನಿಸಿದ್ದರು. ಮೇಲಾಗಿ ನೀಲಿ ಮಾಯವಾದರೆ ಇಂಗಾಲ ಮಾಯವಾಯಿತೆಂದಲ್ಲ. ಬಣ್ಣ ಕೊಡುವ ಬಂಧ ಮುರಿದು, ಉಳಿದ ಉಂಗುರಗಳು ಕಣ್ಣಿಗೆ ಕಾಣದೆ ನೀರಿನಲ್ಲೇ ಇರಬಹುದು. ಲೋಹವೂ ನೀರಿಗೆ ಸೋರಬಹುದು. ಮೈಮೇಲೆ ಅಂಟಿಸಿದ ತಾಮ್ರಕ್ಕೆ ಆ ಅಪಾಯ ಹೆಚ್ಚೆಂಬುದನ್ನು ನನ್ನ ವಾದದ ದೌರ್ಬಲ್ಯವಾಗಿ ಒಪ್ಪಿಕೊಳ್ಳುತ್ತೇನೆ. ಆದ್ದರಿಂದಲೇ ಗಾಳಿಯ ಶುದ್ಧೀಕರಣ, ಒಳಾಂಗಣದ ಗೋಡೆ ಅದಕ್ಕೆ ಹೆಚ್ಚು ಒಪ್ಪುವ ಕೆಲಸ. ಮನೆಯೊಳಗಿನ ಎಲ್‌ಇಡಿ ದೀಪ ನೇರಳಾತೀತವನ್ನು ಬಹುತೇಕ ಕೊಡುವುದೇ ಇಲ್ಲ, ಅಲ್ಲಿ ಗೋಚರ ಬೆಳಕಿನ ಹೊರತು ಬೇರೆ ದಾರಿಯಿಲ್ಲ.

ಇನ್ನು ಗೋಷ್ಠಿಗಳು ಶುರುವಾಗುತ್ತವೆ. ಪ್ರಬಂಧ ಮಂಡಿಸುವ ಪ್ರತಿಯೊಬ್ಬರಿಂದಲೂ ಅಧ್ಯಕ್ಷನಾಗಿ ಕೆಲವು ಉತ್ತರಗಳನ್ನು ಬಯಸುತ್ತೇನೆ. ಬಣ್ಣವಿಲ್ಲದ ವಸ್ತುವಿನ ಮೇಲೆ, ಫೀನಾಲೋ ಅಸಿಟಿಕ್ ಆಮ್ಲವೋ, ನಿಮ್ಮ ಪುಡಿ ಕೆಲಸ ಮಾಡಿತೆ? ಅಲೆಯುದ್ದವನ್ನು ಬದಲಿಸುತ್ತ ಹೋದಂತೆ ವೇಗವೂ ಹೀರಿಕೆಯ ರೇಖೆಯನ್ನೇ ಹಿಂಬಾಲಿಸಿತೆ? ದೀಪ ಆರಿಸಿದಾಗ ಏನಾಯಿತು? ಹತ್ತನೆಯ ಬಾರಿ ಬಳಸಿದ ಮೇಲೆ ಪುಡಿಯಲ್ಲಿ ಲೋಹ ಎಷ್ಟು ಉಳಿದಿತ್ತು, ನೀರಿನಲ್ಲಿ ಎಷ್ಟು ಸಿಕ್ಕಿತು?