ಅತಿಥಿಯ ಹಕ್ಕು, ಆತಿಥೇಯನ ಹಕ್ಕು

(ಬೆಂಗಳೂರಿನ ಇಟ್ಟಮಡುವಿನಲ್ಲಿ ಜರಗಿದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನಮ್ಮ ಮನೆಗಳಿಂದ ಮಕ್ಕಳು ದೂರ ದೇಶಗಳಿಗೆ ಹೊರಟು ನಿಂತಿದ್ದಾರೆ. ಹಿಂದೆ ವಿದೇಶ ಪ್ರಯಾಣವೆಂದರೆ ಹಜ್ಜ್ ಯಾತ್ರೆ ಅಥವಾ ಕೊಲ್ಲಿಯ ನೌಕರಿ ಎಂದಷ್ಟೇ ಅರ್ಥವಿತ್ತು. ಈಗ ಜರ್ಮನಿ, ಕೆನಡಾ, ಆಸ್ಟ್ರೇಲಿಯದ ವಿಶ್ವವಿದ್ಯಾನಿಲಯಗಳ ಹೆಸರುಗಳು ನಮ್ಮ ಊಟದ ಹೊತ್ತಿನ ಮಾತಿನಲ್ಲಿ ಕೇಳಿಬರುತ್ತಿವೆ. ವೀಸಾ, ಶುಲ್ಕ, ಬ್ಯಾಂಕ್ ಸಾಲ ಎಲ್ಲದರ ಕುರಿತೂ ನಾವು ಚರ್ಚಿಸುತ್ತೇವೆ. ಆದರೆ ಪರದೇಶದಲ್ಲಿ ಇಳಿದ ಮೊದಲ ರಾತ್ರಿ, ಗುರುತಿಲ್ಲದ ಒಂದು ಕುಟುಂಬ ಬಾಗಿಲು ತೆರೆದು ಒಳಗೆ ಕರೆದಾಗ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಮಕ್ಕಳಿಗೆ ಯಾರು ಕಲಿಸುತ್ತಾರೆ? ಇಂದಿನ ನಮ್ಮ ಮಾತು ಇದರ ಕುರಿತಾಗಿದೆ.

ಮೊದಲು ನಮ್ಮ ನಾಡಿನ ಚರಿತ್ರೆಯ ಕಡೆಗೆ ನೋಡೋಣ. ಮೊರಾಕ್ಕೋದ ಇಬ್ನ್ ಬತೂತ 1325ರಲ್ಲಿ ತನ್ನ ಊರಾದ ತಾಂಜೀರ್ ಬಿಟ್ಟು ಹೊರಟಾಗ ಅವರ ವಯಸ್ಸು ಕೇವಲ 21. ದಿಲ್ಲಿಯ ಮುಹಮ್ಮದ್ ಬಿನ್ ತುಘಲಕ್‌ನ ಆಸ್ಥಾನದಿಂದ 1342ರಲ್ಲಿ ಚೀನಾಕ್ಕೆ ರಾಯಭಾರಿಯಾಗಿ ಹೊರಟ ಅವರು ನಮ್ಮ ಕರಾವಳಿಯ ಹೊನ್ನಾವರಕ್ಕೆ ಬಂದರು. ಅಲ್ಲಿ ಸುಲ್ತಾನ್ ಜಮಾಲುದ್ದೀನ್ ಆಳುತ್ತಿದ್ದ. ಅವನೊಂದಿಗೆ ಕುಳಿತು ಮಾಡಿದ ಊಟವನ್ನು ಇಬ್ನ್ ಬತೂತ ಬಹಳ ವಿವರವಾಗಿ ದಾಖಲಿಸಿದ್ದಾರೆ. ಮೊದಲು ಅನ್ನ, ಅದರ ಮೇಲೆ ತುಪ್ಪ, ಜೊತೆಗೆ ಕಾಳುಮೆಣಸು, ಹಸಿಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ, ನಂತರ ಕೋಳಿ, ಮೀನು, ತರಕಾರಿ, ಕೊನೆಗೆ ಮೊಸರು. ಊಟವಾದ ಮೇಲೆ ಬಿಸಿನೀರು, ಏಕೆಂದರೆ ಮಳೆಗಾಲದಲ್ಲಿ ತಣ್ಣೀರು ಒಗ್ಗುವುದಿಲ್ಲ. ಇಂದಿಗೂ ನಮ್ಮ ಕರಾವಳಿಯ ಮನೆಗಳಲ್ಲಿ ಈ ಕ್ರಮ ಬದಲಾಗಿದೆಯೇ?

ಮುಂದೆ ಇನ್ನೊಮ್ಮೆ ಅದೇ ಸುಲ್ತಾನನ ಬಳಿ ಅವರು ಹನ್ನೊಂದು ತಿಂಗಳು ಉಳಿದರು. ಆ ಅವಧಿಯಲ್ಲಿ ಒಂದು ದಿನವೂ ರೊಟ್ಟಿ ತಿನ್ನಲಿಲ್ಲವೆಂದು ಬರೆದಿದ್ದಾರೆ. ರೊಟ್ಟಿ ತಿಂದು ಬೆಳೆದವರಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಆತಿಥೇಯನ ಮನೆಯಲ್ಲಿ ಏನಿದೆಯೋ ಅದೇ ಅತಿಥಿಯ ಆಹಾರ. ಅನ್ನ ತಿನ್ನುವವರ ನಡುವೆ ಅನ್ನ ತಿನ್ನುತ್ತಾ ಅವರು ಆ ಊರನ್ನು ಕಣ್ಣುಬಿಟ್ಟು ನೋಡಿದರು. ಹೊನ್ನಾವರದಲ್ಲಿ ಹುಡುಗಿಯರಿಗಾಗಿ 13 ಮತ್ತು ಹುಡುಗರಿಗಾಗಿ 23 ಶಾಲೆಗಳಿದ್ದವೆಂದು ಜಗತ್ತಿಗೆ ತಿಳಿಸಿದ್ದು ಆ ಅತಿಥಿಯೇ. ಹೋಟೆಲಿನ ಕೋಣೆಯೊಳಗೆ ಕುಳಿತ ಪ್ರವಾಸಿಗೆ ಇಂತಹ ಸಂಗತಿ ಗೋಚರಿಸುವುದಿಲ್ಲ.

ಅವರು ಕಹಿಯನ್ನೂ ಮರೆಮಾಡಲಿಲ್ಲ. ಕರಾವಳಿಯ ದಾರಿಯುದ್ದಕ್ಕೂ ಅರ್ಧ ಮೈಲಿಗೊಂದು ಮರದ ತಂಗುದಾಣ, ಬಾವಿ ಮತ್ತು ನೀರು ಕೊಡಲು ಒಬ್ಬ ವ್ಯಕ್ತಿ ಇದ್ದನು. ಹಿಂದೂ ಪ್ರಯಾಣಿಕನಿಗೆ ಪಾತ್ರೆಯಲ್ಲಿ ನೀರು, ಮುಸ್ಲಿಮನಿಗೆ ಬೊಗಸೆಗೆ ನೀರು. ಮನೆಯೊಳಗೆ ಪ್ರವೇಶವಿರಲಿಲ್ಲ. ಆದರೆ ಪ್ರತಿಯೊಂದು ನಿಲುಗಡೆಯಲ್ಲೂ ಮುಸ್ಲಿಮರ ಮನೆಗಳಿದ್ದವು. ಅವು ಇಲ್ಲದಿದ್ದರೆ ಆ ಸೀಮೆಯಲ್ಲಿ ಮುಸ್ಲಿಮನೊಬ್ಬ ಪ್ರಯಾಣಿಸುವುದೇ ಸಾಧ್ಯವಿರಲಿಲ್ಲ ಎನ್ನುತ್ತಾರೆ ಅವರು. ಒಂದು ತೆರೆದ ಬಾಗಿಲಿನ ಬೆಲೆ ಏನೆಂಬುದು ಇದರಿಂದ ತಿಳಿಯುತ್ತದೆ.

ಸುಮಾರು ನೂರು ವರ್ಷಗಳ ನಂತರ, 1443ರಲ್ಲಿ, ಹೆರಾತಿನ ಶಾರುಖ್‌ನ ರಾಯಭಾರಿ ಅಬ್ದುರ‍್ರಝಾಕ್ ಮಂಗಳೂರಿನ ದಾರಿಯಾಗಿ ವಿಜಯನಗರ ತಲುಪಿದರು. ಇಮ್ಮಡಿ ದೇವರಾಯನು ಅವರಿಗೆ ಮನೆ ಬಿಡಿಸಿಕೊಟ್ಟನು. ದಿನಕ್ಕೆ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ ಮತ್ತು ಎರಡು ಚಿನ್ನದ ವರಹಗಳನ್ನು ಕಳುಹಿಸಿದನು. ವಾರಕ್ಕೆರಡು ಬಾರಿ ಸಂಜೆ ಕರೆಸಿ ಮಾತನಾಡಿಸಿದನು. ಪ್ರತಿ ಸಲವೂ ವೀಳ್ಯ, ಹಣ, ಕರ್ಪೂರ ಕೊಟ್ಟನು. ನಿಮ್ಮ ಅರಸರು ರಾಯಭಾರಿಯನ್ನು ಜೊತೆಗೆ ಕೂರಿಸಿ ಉಣಬಡಿಸುತ್ತಾರೆ, ನಾವಿಬ್ಬರೂ ಒಟ್ಟಿಗೆ ಉಣ್ಣುವಂತಿಲ್ಲ, ಆದ್ದರಿಂದ ಈ ಹಣದ ಚೀಲವೇ ನಮ್ಮ ಔತಣ ಎಂಬುದು ರಾಜನ ಮಾತಿನ ಸಾರವಾಗಿತ್ತು. ಇಬ್ಬರ ನಡುವೆ ಗೋಡೆಯೊಂದು ಇತ್ತು. ಆದರೆ ಆ ಗೋಡೆಯನ್ನು ಅತಿಥಿಯನ್ನು ಹೊರಗಟ್ಟಲು ರಾಜನು ಬಳಸಲಿಲ್ಲ. ಸತ್ಕಾರಕ್ಕೆ ಬೇರೊಂದು ದಾರಿಯನ್ನು ಹುಡುಕಿದನು. ಮನಸ್ಸಿದ್ದವನಿಗೆ ಆಚಾರಭೇದ ಅಡ್ಡಿಯಾಗದು. ಮನಸ್ಸಿಲ್ಲದವನಿಗೆ ಆಚಾರಭೇದವೇ ನೆಪವಾಗುತ್ತದೆ.

ಸಹೋದರರೇ, ಅತಿಥಿ ಸತ್ಕಾರದ ಕುರಿತು ಇಸ್ಲಾಮ್ ಇಬ್ಬರಿಗೂ ಪಾಠ ಹೇಳಿದೆ. ಪ್ರವಾದಿ ಇಬ್ರಾಹೀಮ್(ಅ) ಗುರುತಿಲ್ಲದ ಅತಿಥಿಗಳು ಬಂದಾಗ ಊಟ ಬೇಕೇ ಎಂದು ಕೇಳುತ್ತಾ ನಿಲ್ಲಲಿಲ್ಲ. ಸದ್ದಿಲ್ಲದೆ ಒಳಗೆ ಹೋಗಿ, ಕೊಬ್ಬಿದ ಕರುವಿನ ಮಾಂಸವನ್ನು ತಾವೇ ತಂದು ಅವರ ಮುಂದಿಟ್ಟರು. ಇದು ಆತಿಥೇಯನ ಹೊಣೆ. ಅತಿಥಿ ಸತ್ಕಾರ ಮೂರು ದಿನ, ಅದಕ್ಕಿಂತ ಹೆಚ್ಚಿನದು ದಾನ, ಆತಿಥೇಯನಿಗೆ ಕಷ್ಟವಾಗುವಷ್ಟು ಕಾಲ ಉಳಿಯುವುದು ಸಮ್ಮತವಲ್ಲ ಎಂಬುದು ಪ್ರವಾದಿವರ್ಯರ(ಸ) ಬೋಧನೆ. ಇದು ಅತಿಥಿಯ ಹೊಣೆ. ನಾವು ಮೊದಲಿನದನ್ನು ಪ್ರಸಂಗಗಳಲ್ಲಿ ಧಾರಾಳವಾಗಿ ಕೇಳುತ್ತೇವೆ, ಎರಡನೆಯದನ್ನು ಅಷ್ಟಾಗಿ ಕೇಳುವುದಿಲ್ಲ.

ಮದೀನಾಕ್ಕೆ ಹಿಜ್‌ರತ್ ಮಾಡಿದ ಪ್ರವಾದಿವರ್ಯರು(ಸ) ಅಬೂ ಅಯ್ಯೂಬ್ ಅನ್ಸಾರಿ(ರ) ಅವರ ಮನೆಯಲ್ಲಿ ತಿಂಗಳುಗಟ್ಟಲೆ ಉಳಿದರು. ಒಂದು ದಿನ ಕಳುಹಿಸಿದ ಅಡುಗೆ ಮುಟ್ಟದೆ ಮರಳಿ ಬಂತು. ಆತಿಥೇಯರಿಗೆ ಗಾಬರಿಯಾಯಿತು. ಅದರಲ್ಲಿ ಬೆಳ್ಳುಳ್ಳಿಯಿತ್ತು. ಅದು ನಿಷಿದ್ಧವೇ ಎಂದು ಕೇಳಿದಾಗ, ಇಲ್ಲ, ಅದರ ವಾಸನೆ ತನಗೆ ಹಿಡಿಸದು ಎಂಬ ಉತ್ತರ ಸಿಕ್ಕಿತು. ಬೇಡವಾದುದನ್ನು ಬೇಡವೆನ್ನಬಹುದು, ಆದರೆ ಕಾರಣವನ್ನು ಸ್ಪಷ್ಟವಾಗಿ, ಮೃದುವಾಗಿ ಹೇಳಬೇಕು. ತನ್ನ ಅಭಿರುಚಿಯನ್ನು ಧರ್ಮದ ನಿಷೇಧವೆಂದು ಬಿಂಬಿಸಬಾರದು. ಪರದೇಶಕ್ಕೆ ಹೊರಟ ನಮ್ಮ ಮಕ್ಕಳಿಗೆ ಇದಕ್ಕಿಂತ ಉತ್ತಮ ಮಾದರಿ ಬೇಕೇ?

ಆದ್ದರಿಂದ ಮಕ್ಕಳಿಗೆ ಹೇಳಿ ಕಳುಹಿಸೋಣ. ಹಂದಿಮಾಂಸ, ಮದ್ಯ ತನಗೆ ಸಲ್ಲವೆಂದು, ಹಲಾಲ್ ಅಲ್ಲದ ಮಾಂಸ ತಿನ್ನುವುದಿಲ್ಲವೆಂದು ಹೋಗುವ ಮೊದಲೇ ತಿಳಿಸಿರಿ. ಊಟದ ಮೇಜಿನ ಮುಂದೆ ಮುಖ ಸಿಂಡರಿಸಬೇಡಿ. ನಮಾಝಿಗೆ ಒಂದು ಮೂಲೆಯನ್ನು ಕೇಳಿ ಪಡೆಯಿರಿ. ಹೆಚ್ಚಿನ ಮನೆಗಳಲ್ಲಿ ಅದನ್ನು ಸಂತೋಷದಿಂದಲೇ ಕೊಡುತ್ತಾರೆ. ಉಂಡ ತಟ್ಟೆ ತೊಳೆಯಿರಿ, ಹಾಸಿಗೆ ಮಡಚಿರಿ, ನೀರು ವಿದ್ಯುತ್ತನ್ನು ಅವರ ರೀತಿಯಲ್ಲೇ ಬಳಸಿರಿ. ಆ ಮನೆಯೊಳಗಿನ ಮಾತನ್ನು ಹೊರಗೆ ಆಡಬೇಡಿ. ಅವರು ಮುಸ್ಲಿಮನನ್ನು ಮೊದಲ ಬಾರಿಗೆ ಹತ್ತಿರದಿಂದ ನೋಡುತ್ತಿರಬಹುದು. ಸಾವಿರ ಭಾಷಣಗಳಿಂದ ಹೋಗದ ತಪ್ಪು ಕಲ್ಪನೆ ಒಂದು ವಾರದ ಸಹವಾಸದಿಂದ ಹೋಗಬಹುದು, ಅಥವಾ ಗಟ್ಟಿಯಾಗಲೂಬಹುದು.

ಇನ್ನು ನಮ್ಮ ಮನೆಗಳ ವಿಷಯ. ಈ ಇಟ್ಟಮಡು ಒಂದು ಕಾಲದಲ್ಲಿ ಬೆಂಗಳೂರಿನ ಹೊರಗಿನ ಹಳ್ಳಿ. ಇಂದು ಬನಶಂಕರಿ, ಕತ್ರಿಗುಪ್ಪೆ, ಹೊಸಕೆರೆಹಳ್ಳಿಗಳ ನಡುವೆ ಅದು ನಗರದಲ್ಲಿ ಕರಗಿದೆ. ಕಲಬುರಗಿಯಿಂದ, ರಾಯಚೂರಿನಿಂದ ಓದಲು, ದುಡಿಯಲು ಈ ನಗರಕ್ಕೆ ಬರುವ ಯುವಕನಿಗೆ ಬೆಂಗಳೂರೇ ಒಂದು ಪರದೇಶ. ಹೆಸರು ಕೇಳಿದೊಡನೆ ಬಾಡಿಗೆಗೆ ಮನೆ ಇಲ್ಲವೆನ್ನುವವರ ಅನುಭವ ನಿಮ್ಮಲ್ಲಿ ಹಲವರಿಗಿದೆ. 2022ರ ಮಾರ್ಚ್‌ನಲ್ಲಿ ಇದೇ ನಾಡಿನ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗೆ ಅಂಗಡಿ ಹಾಕಲು ಜಾಗ ಕೊಡಲಿಲ್ಲ. ಇದು ಅನ್ಯಾಯ; ಸಂವಿಧಾನ ಕೊಟ್ಟ ಸಮಾನತೆಯ ಹೆಸರಿನಲ್ಲಿ ಇದನ್ನು ಪ್ರಶ್ನಿಸಲೇಬೇಕು.

ಆದರೆ ಪ್ರಶ್ನೆ ಅಲ್ಲಿಗೇ ಮುಗಿಯದು. ನಮ್ಮ ಮನೆಯ ಬಾಗಿಲು ಯಾರಿಗೆ ತೆರೆದಿದೆ? ಮದುವೆಗೆ ಸಾವಿರ ಮಂದಿಗೆ ಬಿರಿಯಾನಿ ಬಡಿಸುವ ಮನೆಯಲ್ಲಿ, ಊರಿಗೆ ಹೊಸಬನಾದ ಒಬ್ಬ ವಿದ್ಯಾರ್ಥಿಗೆ ಮೂರು ರಾತ್ರಿಯ ಜಾಗವಿದೆಯೇ? ಬೇರೆ ಧರ್ಮದ ನೆರೆಯವನು ಒಮ್ಮೆಯಾದರೂ ನಮ್ಮ ಸುಪ್ರದ ಮುಂದೆ ಕುಳಿತಿದ್ದಾನೆಯೇ? ಅವನು ಸಸ್ಯಾಹಾರಿಯಾದರೆ ಅವನಿಗೆ ಒಗ್ಗುವಂತೆ ಅಡುಗೆ ಮಾಡಿಸಿದ್ದೇವೆಯೇ? ದೇವರಾಯನು ಅತಿಥಿಯ ಆಹಾರಕ್ರಮವನ್ನು ತಿಳಿದು ಕುರಿ ಕೋಳಿ ಕಳುಹಿಸಿದನು. ನಾವು ಬೇಳೆ ಸಾರನ್ನಾದರೂ ಬಡಿಸಲಾರೆವೇ?

ಅತಿಥಿ ಸತ್ಕಾರವೆಂದರೆ ಪುರುಷರು ಕರೆಯುವುದು, ಮಹಿಳೆಯರು ಬೇಯಿಸುವುದು ಎಂಬಂತಾಗಿದೆ. ಇದೂ ತಿದ್ದಿಕೊಳ್ಳಬೇಕಾದುದು. ಇಬ್ರಾಹೀಮರು(ಅ) ಸ್ವತಃ ತಂದಿಟ್ಟರೆಂಬುದನ್ನು ನೆನಪಿಸಿರಿ. ಮನೆಯೊಡತಿಯನ್ನು ಕೇಳದೆ ಕರೆದ ಅತಿಥಿ ಅವಳ ಪಾಲಿಗೆ ಹೊರೆಯೇ ಹೊರತು ಬರಕತ್ ಅಲ್ಲ.

ನಮ್ಮ ಹಿರಿಯರು ಸತ್ಕಾರವನ್ನು ಸಂಸ್ಥೆಯನ್ನಾಗಿಯೂ ಬೆಳೆಸಿದರು. ಹಿಂದಿನ ಹೈದರಾಬಾದ್ ಸಂಸ್ಥಾನದ ಯಾತ್ರಿಕರು ಬಾಡಿಗೆಯಿಲ್ಲದೆ ಉಳಿಯಲೆಂದು ಮಕ್ಕಾದಲ್ಲಿ ನಿಜಾಮರ ರುಬಾತ್ ವಕ್ಫ್ ಆಗಿದೆ. ಬೀದರ್, ಕಲಬುರಗಿ, ರಾಯಚೂರು ಆ ಸಂಸ್ಥಾನಕ್ಕೆ ಸೇರಿದ್ದವು, ಆದ್ದರಿಂದ ನಮ್ಮ ನಾಡಿನವರಿಗೂ ಅದರಲ್ಲಿ ಪಾಲಿದೆ. ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ಪ್ರಯಾಣಿಕನೂ ಒಬ್ಬನೆಂದು ಕುರ್‌ಆನ್ ಹೆಸರಿಸಿದೆ. ಹಾಗಾದರೆ ಪ್ರತಿಯೊಂದು ಮೊಹಲ್ಲಾದಲ್ಲಿ ಹೊಸಬರನ್ನು ಮೂರು ದಿನ ಇರಿಸಿಕೊಳ್ಳಬಲ್ಲ ಹತ್ತು ಮನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಲು ಕಷ್ಟವೇನಿದೆ? ಅದಕ್ಕೆ ಕಟ್ಟಡ ಬೇಡ, ಚಂದಾ ಬೇಡ. ಒಂದು ಚಾಪೆ, ಒಂದು ತಟ್ಟೆ, ನಗುಮುಖ ಸಾಕು.

ನಮ್ಮ ಮಗನಿಗೋ ಮಗಳಿಗೋ ದೂರದ ದೇಶದಲ್ಲಿ ಯಾರೋ ಬಾಗಿಲು ತೆರೆಯಲೆಂದು ನಾವು ದುಆ ಮಾಡುತ್ತೇವೆ. ಯಾರದೋ ಮಗ ಇಂದು ರಾತ್ರಿ ಈ ನಗರದ ಬಸ್ ನಿಲ್ದಾಣದಲ್ಲಿ ಇಳಿಯುತ್ತಿದ್ದಾನೆ. ಅವನ ತಾಯಿಯ ದುಆಕ್ಕೆ ಉತ್ತರವಾಗುವ ಭಾಗ್ಯವನ್ನು ಅಲ್ಲಾಹನು ನಮ್ಮ ಮನೆಗಳಿಗೆ ಕರುಣಿಸಲಿ. ಆಮೀನ್.