ಹಳೆಯ ಮನೆಯ ಮಹಡಿ ಹೊಸದು ಮಾಡುವಾಗ

ಸೊಲ್ಲಾಪುರ, ಅಕ್ಕಲಕೋಟ, ಮೈಂದರ್ಗಿ, ದುಧನಿ, ಈ ಕಡೆಯ ಹಳೆಯ ಮನೆಗಳನ್ನು ನೀವೆಲ್ಲ ಬಲ್ಲಿರಿ. ಕಲ್ಲು ಮಣ್ಣಿನ ದಪ್ಪ ಗೋಡೆ, ಕಟ್ಟಿಗೆಯ ಕಂಬ, ತೊಲೆ, ಜಂತಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ನಾವು ಮಾಳಿಗೆ ಎನ್ನುತ್ತೇವೆ, ಮರಾಠಿಯಲ್ಲಿ ಮಾಳವದ ಎನ್ನುತ್ತಾರೆ. ಹೆಸರು ಎರಡಾದರೂ ಮನೆ ಒಂದೇ.

ಇಂಥ ಮನೆಗಳ ಮಹಡಿಯನ್ನು ಹೊಸದು ಮಾಡಬೇಕೆಂಬ ಆಸೆ ಈಗ ಅನೇಕರಿಗೆ ಇದೆ. ಮಗನ ಮದುವೆಯಾದರೆ ಸೊಸೆಗೊಂದು ಕೋಣೆ ಬೇಕು. ವಯಸ್ಸಾದವರಿಗೆ ರಾತ್ರಿ ಮೆಟ್ಟಿಲಿಳಿದು ಹಿತ್ತಲಿಗೆ ಹೋಗುವುದು ಕಷ್ಟ. ಅಕ್ಕಲಕೋಟದಲ್ಲಾದರೆ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವವರಿಗೆ ಮೇಲಿನ ಕೋಣೆ ಬಾಡಿಗೆಗೆ ಕೊಡುವ ಆಲೋಚನೆಯೂ ಇರಬಹುದು. ಇವೆಲ್ಲ ನ್ಯಾಯವಾದ ಬೇಡಿಕೆಗಳೇ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಮನೆ ದುರಸ್ತಿ ಸಾಲದ ಅರ್ಜಿಗಳು ನನ್ನ ಮೇಜಿಗೆ ಬರುತ್ತಿದ್ದವು. ಖರ್ಚಿನ ಅಂದಾಜಿನಲ್ಲಿ ಟೈಲ್ಸ್, ನಳ, ಬಣ್ಣ, ಕಪಾಟು ಎಲ್ಲವೂ ಇರುತ್ತಿದ್ದವು. ಕೆಳಗಿನ ತೊಲೆ ಗಟ್ಟಿಯಿದೆಯೇ ಎಂದು ನೋಡಿಸುವ ಖರ್ಚು ಮಾತ್ರ ಅಪರೂಪ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ಹೊಸ ಭಾರ ಏರಿಸುವ ಮೊದಲು ಹಳೆಯ ಭಾರ ಇಳಿಸಿರಿ, ನೀರಿಗೆ ಬೇರೆ ದಾರಿ ಮಾಡಿರಿ.

ಭಾರದ ಲೆಕ್ಕ ನೋಡೋಣ. ಸೋರದಿರಲೆಂದು ನಮ್ಮ ಹಿರಿಯರು ಮಳೆಗಾಲದ ಮುಂಚೆ ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕುತ್ತಿದ್ದರು. ಹಳೆಯದನ್ನು ತೆಗೆಯುತ್ತಿರಲಿಲ್ಲ. ಹೀಗೆ ಅದು ಒಂದು ಅಡಿ, ಕೆಲವೆಡೆ ಎರಡು ಅಡಿ ದಪ್ಪವಾಗಿದೆ. ಒಂದು ಘನ ಅಡಿ ಮಣ್ಣು ಸುಮಾರು 45 ಕಿಲೋ ತೂಗುತ್ತದೆ. 10 ಅಡಿಗೆ 12 ಅಡಿಯ ಕೋಣೆಯ ಮೇಲೆ ಒಂದಡಿ ಮಣ್ಣಿದ್ದರೆ 5,400 ಕಿಲೋ ಆಯಿತು. ಅಂದರೆ 54 ಕ್ವಿಂಟಲ್ ಜೋಳದ ಚೀಲಗಳನ್ನು ತಲೆಯ ಮೇಲೆ ಪೇರಿಸಿಕೊಂಡು ಮಲಗಿದಂತೆ. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು.

1993ರ ಸೆಪ್ಟೆಂಬರ್ 30ರ ನಸುಕನ್ನು ನಮ್ಮ ಭಾಗದವರು ಮರೆತಿಲ್ಲ. ಜನ ಗಣಪತಿಯನ್ನು ಕಳಿಸಿ ಬಂದು ಮಲಗಿದ್ದರು. ಲಾತೂರು ಜಿಲ್ಲೆಯ ಕಿಲ್ಲಾರಿ ಮತ್ತು ಆಗಿನ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆಯ ಹಳ್ಳಿಗಳು ನೆಲಕ್ಕೊರಗಿದವು. ಸರ್ಕಾರದ ಲೆಕ್ಕದಲ್ಲೇ 7,900ಕ್ಕೂ ಹೆಚ್ಚು ಜನ ಸತ್ತರು. ಅವೂ ನಮ್ಮಂಥವೇ ಮನೆಗಳು. ಗೋಡೆಗೆ ಹೊರಗೊಂದು, ಒಳಗೊಂದು ಕಲ್ಲಿನ ಸಾಲು, ನಡುವೆ ಸಣ್ಣ ಕಲ್ಲು, ಮಣ್ಣು. ಎರಡನ್ನೂ ಹಿಡಿದಿಡುವ ಉದ್ದಗಲ್ಲು ಇರಲಿಲ್ಲ. ಗೋಡೆ ಸೀಳಿ ಬಿತ್ತು, ಮೇಲಿನ ಮಣ್ಣು ಮಲಗಿದವರನ್ನು ಮುಚ್ಚಿತು. ಕಟ್ಟಿಗೆಯ ಕಂಬಗಳು ಗಟ್ಟಿಯಿದ್ದ ಕೆಲವು ಮನೆಗಳಲ್ಲಿ ಗೋಡೆ ಹೋದರೂ ಮಾಳಿಗೆ ನಿಂತಿತ್ತು. ಆದ್ದರಿಂದ ಕೋಣೆ ದೊಡ್ಡದಾಗಲೆಂದು ನಡುವಿನ ಕಂಬ ತೆಗೆಸಬೇಡಿರಿ.

ಮೊದಲು ಬಲ್ಲ ಬಡಿಗನನ್ನು ಕರೆಸಿರಿ. ಜಂತಿಯ ತುದಿ ಗೋಡೆಯೊಳಗೆ ಹೋಗುವ ಕಡೆ ಮೊಳೆ ಚುಚ್ಚಿ ನೋಡಲಿ. ತೇವ ಆರದೆ ಲಡ್ಡಾಗುವುದು, ಗೆದ್ದಲು ಹಿಡಿಯುವುದು ಅಲ್ಲೇ. ಮಣ್ಣನ್ನು ಒಂದೇ ಕಡೆ ಗುಡ್ಡೆ ಹಾಕದೆ ಎಲ್ಲ ಕಡೆಯಿಂದ ಸಮನಾಗಿ ಇಳಿಸಿರಿ. ಏಳೆಂಟು ಅಂಗುಲ ಉಳಿಸಿ, ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ಸೋರುವುದೂ ನಿಲ್ಲುತ್ತದೆ, ಸೊಲ್ಲಾಪುರದ ಬೇಸಿಗೆಗೆ ತಂಪೂ ಉಳಿಯುತ್ತದೆ. ಕಂಬ ತೊಲೆ ಕೂಡುವ ಮೂಲೆಗೆ ಓರೆಯಾಗಿ ಗಟ್ಟಿ ಕಟ್ಟಿಗೆ ಬಡಿಸಿರಿ.

ಇನ್ನು ಬಚ್ಚಲು. ಹಲಗೆ ಮಣ್ಣಿನ ನೆಲದ ಮೇಲೆ ಫರಸಿ ಹಾಸಿ ಬಚ್ಚಲು ಮಾಡಿದರೆ, ಸಂದಿಯಲ್ಲಿ ಇಳಿದ ನೀರು ಕಣ್ಣಿಗೆ ಕಾಣದೆ ಜಂತಿಯನ್ನು ತಿನ್ನುತ್ತದೆ. ಕಲೆ ಕಾಣಿಸುವ ಹೊತ್ತಿಗೆ ಕಟ್ಟಿಗೆ ಕೆಟ್ಟಿರುತ್ತದೆ. ಅದಕ್ಕಿಂತ ಹಿತ್ತಲ ಕಡೆ ಸಿಮೆಂಟಿನ ನಾಲ್ಕು ಕಂಬ ಎಬ್ಬಿಸಿ, ಮಹಡಿಯ ಮಟ್ಟಕ್ಕೆ ಬಚ್ಚಲನ್ನೂ ಪಾಯಖಾನೆಯನ್ನೂ ಕಟ್ಟಿಸಿ, ಹಳೆಯ ಗೋಡೆಗೆ ತಾಗದಂತೆ ಎರಡು ಅಂಗುಲ ಸಂದು ಬಿಡುವುದು ಲೇಸು. ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಗರಸು ಹತ್ತುವ ತನಕ ಪಾಯ ತೋಡಿಸಿರಿ. ನೆಲಕ್ಕೆ ಐದು ಅಡಿಗೆ ಒಂದು ಅಂಗುಲ ಇಳಿಜಾರು ಇರಲಿ. ಟೈಲ್ಸ್ ಕೂರಿಸುವ ಮುಂಚೆ ಎರಡು ಅಂಗುಲ ನೀರು ನಿಲ್ಲಿಸಿ, ಒಂದು ದಿನ ಕಳೆದು ಕೆಳಗಿನಿಂದ ನೋಡಿರಿ. ಪೈಪುಗಳು ಹೊರಗೆ ಕಾಣುವಂತಿರಲಿ. ಸಾವಿರ ಲೀಟರಿನ ಟಾಕಿ ತುಂಬಿದರೆ ಹತ್ತು ಕ್ವಿಂಟಲ್. ಅದನ್ನು ಮಾಳಿಗೆಯ ಮೇಲಿಡದೆ ಈ ಹೊಸ ಕಂಬಗಳ ಮೇಲೆಯೇ ಇಡಿಸಿರಿ. ಆ ಭಾರವನ್ನು ಇಂಜಿನಿಯರಿಗೆ ಮೊದಲೇ ಹೇಳಿರಿ.

ಒಂದು ಮಾತು ಗಂಡಸರಿಗೆ. ಬಾಗಿಲು ಯಾವ ಕಡೆ, ಕಿಟಕಿ ಎಷ್ಟು ಎತ್ತರ, ಬಟ್ಟೆ ಎಲ್ಲಿ ಒಗೆಯುವುದು, ಇದನ್ನು ಅಜ್ಜಿಯನ್ನೂ ಸೊಸೆಯನ್ನೂ ಕೇಳಿ ಗೌಂಡಿಗೆ ಹೇಳಿರಿ. ಅಜ್ಜಿಗೆ ಹಿಡಿದುಕೊಳ್ಳಲು ಗೋಡೆಗೊಂದು ಕೊಳವೆ, ಜಾರದ ಒರಟು ಫರಸಿ ಬೇಕು. ಹೊಳೆಯುವ ಟೈಲ್ಸಿಗಿಂತ ಅವು ಅಗ್ಗ.

ಹಣ ಕಡಿಮೆಯಿದ್ದರೆ ಈ ವರ್ಷ ಮಣ್ಣು ಇಳಿಸಿ ಜಂತಿ ಬದಲಿಸಿರಿ, ಬರುವ ವರ್ಷ ಬಚ್ಚಲು, ಕೊನೆಗೆ ಬಣ್ಣ. ಸಾಲ ಮಾಡಿದರೂ ಈ ಕ್ರಮ ತಪ್ಪಿಸಬೇಡಿರಿ. ಬಣ್ಣ ಒಂದು ವರ್ಷ ತಡವಾದರೆ ಯಾರಿಗೂ ತೊಂದರೆಯಿಲ್ಲ, ಕೊಳೆತ ಜಂತಿ ಮಾತ್ರ ಮುಂದಿನ ಮಳೆಗಾಲದ ತನಕ ಕಾಯಲಿಕ್ಕಿಲ್ಲ.