ಚೂರು ಬಟ್ಟೆಯ ಕೌದಿ



ಮೂರು ವರ್ಷಗಳ ಕೆಳಗೆ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ನಮ್ಮ ದೊಡ್ಡಮ್ಮನವರು ತೀರಿಕೊಂಡರು. ಕರ್ಮಾಂತರಗಳೆಲ್ಲ ಮುಗಿದು ನೆಂಟರಿಷ್ಟರು ಹೊರಟುಹೋದ ತರುವಾಯ ನಡುಮನೆಯ ಮೂಲೆಯಲ್ಲಿದ್ದ ಅವರ ಟ್ರಂಕನ್ನು ತೆರೆಯುವ ಸಂದರ್ಭ ಬಂದಿತು. ಮೇಲೆ ನಾಲ್ಕು ರೇಷ್ಮೆಯ ಸೀರೆಗಳಿದ್ದುವು. ಅವುಗಳ ವಿಷಯದಲ್ಲಿ ಯಾರಿಗೂ ಸಂದೇಹವಿರಲಿಲ್ಲ, ಸುಸೂತ್ರವಾಗಿ ಹಂಚಿಹೋದುವು. ಕೆಳಗೆ ಉಟ್ಟು ಉಟ್ಟು ಸವೆದ ಒಂಬತ್ತು ನೂಲಿನ ಸೀರೆಗಳು. ಅದಕ್ಕೂ ಕೆಳಗೆ ಒಂದು ದೊಡ್ಡ ಗಂಟು. ಬಿಚ್ಚಿ ನೋಡಿದರೆ, ಐವತ್ತು ವರ್ಷ ಹೊಲಿಸಿದ ರವಿಕೆಗಳ ಕತ್ತರಿಸಿದ ಅಂಚುಗಳು, ಮಕ್ಕಳ ಲಂಗದ ಪಟ್ಟಿಗಳು, ದಿಂಬಿನ ಚೀಲ ಹೊಲಿದು ಉಳಿದ ಚೂರುಗಳು, ಎಲ್ಲವೂ ಬಣ್ಣಬಣ್ಣವಾಗಿ ವಿಂಗಡಿಸಿ ಸುತ್ತಿಟ್ಟಂಥವು. ಅವುಗಳಲ್ಲಿ ಹೆಚ್ಚಿನವು ಎರಡು ಬೆರಳಗಲಕ್ಕೆ ಮೇಲಿರಲಿಲ್ಲ.

ಹಿರಿಯ ಸೊಸೆ ಅವನ್ನು ನೋಡಿದೊಡನೆಯೇ, “ಅಕ್ಕಾ, ಹೋದವರ ಬಟ್ಟೆ ಇಟ್ಟುಕೊಂಡರೆ ಆಗಿಬರುವುದಿಲ್ಲ, ಎಲ್ಲವನ್ನೂ ಹೊರಗೆ ಹಾಕಿಸಿಬಿಡಿ” ಎಂದರು. ಮಗಳು ಗಂಟಿನ ಮೇಲೆ ಕೈಯಿಟ್ಟುಕೊಂಡು ಕುಳಿತುಬಿಟ್ಟಳು. ಮಾತು ಬೆಳೆಯುವ ಹಾಗೆ ಕಂಡದ್ದರಿಂದ, ಆ ಸೀರೆಗಳನ್ನೂ ಗಂಟನ್ನೂ ಕೆಲವು ಕಾಲ ನಮ್ಮ ವಶದಲ್ಲಿಟ್ಟಿರಬೇಕೆಂದು ಕೇಳಿಕೊಂಡು ಬೆಂಗಳೂರಿಗೆ ತಂದೆವು. ಈ ಹೊತ್ತಿನ ಭಾಷಣವು ಆ ಗಂಟಿನಿಂದ ನಾವು ಕಲಿತ ಒಂದು ಕೆಲಸವನ್ನು ಕುರಿತದ್ದು.

ಹಳೆಯ ಬಟ್ಟೆಯಿಂದ ಕೌದಿ ಹೊಲಿಯುವುದು ನಮ್ಮ ನಾಡಿಗೆ ಹೊಸದಲ್ಲ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಗಳಲ್ಲಿ ಕೌದಿಯಿಲ್ಲದ ಮನೆಯನ್ನು ಹುಡುಕುವುದೇ ಕಷ್ಟವೆಂಬ ಕಾಲವೊಂದಿತ್ತು. ಎರಡು ಮೂರು ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತೇಪೆಗಳನ್ನು ಹೊಂದಿಸಿ, ಸೂಜಿಯನ್ನು ಎಲ್ಲ ಪದರಗಳಲ್ಲಿಯೂ ಹಾಯಿಸಿ ಸಾಲುಸಾಲಾಗಿ ಹೊಲಿಯುವುದು ಅದರ ರೀತಿ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಕಾಡುಗಳ ನಡುವೆ ನೆಲಸಿರುವ ಸಿದ್ದಿ ಜನರ ಹೆಂಗಸರು ಹೊಲಿಯುವ ಕವಂದಿಯು ಇದರಲ್ಲಿ ಅತ್ಯಂತ ಚೆಲುವಾದದ್ದೆಂದು ನಮ್ಮ ಅಭಿಪ್ರಾಯ. ಆಫ್ರಿಕಾ ಖಂಡದಿಂದ ಶತಮಾನಗಳ ಹಿಂದೆ ಬಂದವರ ಸಂತತಿಯವರು ಇವರು. ಹಾಸಿದ ಸೀರೆಯ ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಸುತ್ತ ತೇಪೆಗಳನ್ನು ಕೂಡಿಸುತ್ತ ಕೂಡಿಸುತ್ತ ಸುತ್ತು ಸುತ್ತಾಗಿ ಒಳಕ್ಕೆ ಬಂದು ನಡುವೆ ಮುಗಿಸುತ್ತಾರೆ. ನಾಲ್ಕು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಮುಮ್ಮೂಲೆಗಳನ್ನಿಟ್ಟು ಅವನ್ನು ‘ಫುಲ’ ಎಂದು ಕರೆಯುತ್ತಾರೆ. ಅದಿಲ್ಲದ ಕವಂದಿಯು ಅವರ ಕಣ್ಣಿಗೆ ಬತ್ತಲೆ. 2004ರಲ್ಲಿ ಈ ಹೆಂಗಸರ ಸಹಕಾರ ಸಂಘವೊಂದು ಏರ್ಪಟ್ಟು, ಅವರ ಕೆಲಸವು ಅಮೆರಿಕದ ಪ್ರದರ್ಶನಗಳವರೆಗೂ ಹೋಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಕೌದಿಯಾಗಲಿ ಕವಂದಿಯಾಗಲಿ ತೇಪೆಗಳನ್ನು ಬರಿಯ ಒಂದಕ್ಕೊಂದು ಜೋಡಿಸುವ ಕೆಲಸವಲ್ಲ. ಅವೆಲ್ಲವೂ ಕೆಳಗಿನ ಸೀರೆಯನ್ನು ಆಶ್ರಯಿಸಿರುತ್ತವೆ. ಎಳೆತವನ್ನು ತಾಳುವುದು ಆ ಸೀರೆ; ತೇಪೆಯು ನೆಪಮಾತ್ರಕ್ಕೆ ಗಟ್ಟಿಯಾಗಿದ್ದರೂ ಸಾಕು. ಆದುದರಿಂದ ಯಾವ ಬಟ್ಟೆಯನ್ನು ಮೇಲೆ ಇಡಬೇಕೆಂದು ನಾವು ತಲೆಕೆಡಿಸಿಕೊಳ್ಳುವುದಕ್ಕಿಂತ, ಯಾವುದನ್ನು ಕೆಳಗೆ ಇಡಬೇಕೆಂದು ಯೋಚಿಸುವುದು ಮೇಲು.

ಆದರೆ ನಮ್ಮ ಗಂಟಿನಲ್ಲಿದ್ದವು ತೇಪೆಗಳಲ್ಲ, ಪಟ್ಟಿಗಳು. ತೇಪೆಯ ನಾಲ್ಕು ಅಂಚುಗಳನ್ನೂ ಒಳಕ್ಕೆ ಮಡಿಸಿ ಹೊಲಿಯಬೇಕು. ಎರಡು ಬೆರಳಗಲದ ಪಟ್ಟಿಯನ್ನು ಹಾಗೆ ಮಡಿಸಿದರೆ ಉಳಿಯುವುದು ದಾರದಷ್ಟು. ಕೌದಿ ಹೊಲಿಯುವವರೂ ಇಂಥದನ್ನು ಎಸೆಯುವುದುಂಟು. ಅಮೆರಿಕದ ದಕ್ಷಿಣ ಸೀಮೆಯ ಬಡ ಹೆಂಗಸರು ಇದಕ್ಕೆ ಉಪಾಯ ಕಂಡುಕೊಂಡಿದ್ದರು. ಮುಖ್ಯವಾಗಿ 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಹಿಟ್ಟು ಸಕ್ಕರೆಗಳ ಚೀಲದ ಬಟ್ಟೆಯನ್ನೋ ಹಳೆಯ ವೃತ್ತಪತ್ರಿಕೆಯನ್ನೋ ಚೌಕವಾಗಿ ಕತ್ತರಿಸಿ, ಅದರ ಮೇಲೆ ಪಟ್ಟಿಗಳನ್ನು ಒಂದರ ಪಕ್ಕಕ್ಕೊಂದು ಹೊಲಿದು ತುಂಬುತ್ತಿದ್ದರು. ಕಾಗದವಾದರೆ ಹೊಲಿಗೆ ಮುಗಿದ ಮೇಲೆ ಹರಿದು ತೆಗೆಯುವರು. ಮರೆತು ಒಳಗೇ ಉಳಿದ ಪತ್ರಿಕೆಯ ಚೂರುಗಳಿಂದ ಕೆಲವು ಕೌದಿಗಳ ಕಾಲವೇ ಗೊತ್ತಾದದ್ದುಂಟು. ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಆಫ್ರಿಕನ್ ಮೂಲದ ಹೆಂಗಸರ ಕೌದಿಗಳನ್ನು 2002ರಲ್ಲಿ ಹ್ಯೂಸ್ಟನ್ ನಗರದ ಕಲಾ ವಸ್ತುಸಂಗ್ರಹಾಲಯದಲ್ಲಿ ಗೋಡೆಗೆ ತೂಗುಹಾಕಿ ತೋರಿಸಿದರು. ಅವರಿಗೂ ನಮ್ಮ ಸಿದ್ದಿಯರಿಗೂ ಒಡನೆಯೇ ನೆಂಟಸ್ತಿಕೆ ಕಲ್ಪಿಸುವುದು ಆತುರದ ಮಾತಾದೀತು. ಬಡತನ ಎಲ್ಲಿದ್ದರೂ ಸೂಜಿಯು ಒಂದೇ ದಾರಿಯನ್ನು ಹಿಡಿಯುವುದು ಸಾಧ್ಯ.

ಕಣ್ಣಿಗೆ ತೋರಿಸಬೇಕಾದ ಕೆಲಸವನ್ನು ಕಿವಿಗೆ ಹೇಳುವುದು ಕಷ್ಟ. ಆದ್ದರಿಂದ ತಾವು ಕೈಗೊಂದು ಕರವಸ್ತ್ರವನ್ನು ತೆಗೆದುಕೊಳ್ಳಬೇಕೆಂದು ಪ್ರಾರ್ಥನೆ. ಅದನ್ನು ತೊಡೆಯ ಮೇಲೆ ಹರಡಿರಿ, ಇದೇ ತಳಬಟ್ಟೆ. ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಒಂದು ಪಟ್ಟಿಯನ್ನು ಮೊಗ ಮೇಲಾಗಿ ಇಡಿರಿ. ಎರಡನೆಯ ಪಟ್ಟಿಯನ್ನು ಮೊಗ ಕೆಳಗಾಗಿ ಮೊದಲನೆಯದರ ಮೇಲೆಯೇ, ಒಂದು ಪಕ್ಕದ ಅಂಚಿಗೆ ಅಂಚು ಕೂಡುವಂತೆ ಇಡಿರಿ. ಆ ಅಂಚಿನಿಂದ ಕಾಲು ಅಂಗುಲ ಒಳಗೆ, ಮೂರು ಬಟ್ಟೆಗಳೂ ಸೇರುವಂತೆ ನೇರವಾಗಿ ಹೊಲಿಯಿರಿ. ಈಗ ಎರಡನೆಯ ಪಟ್ಟಿಯನ್ನು ಹೊರಳಿಸಿ ಉಗುರಿನಿಂದ ತೀಡಿದರೆ ಅದರ ಮೊಗ ಮೇಲಾಗುತ್ತದೆ, ಹೊಲಿಗೆ ಅಡಗಿಹೋಗುತ್ತದೆ. ಮೂರನೆಯದನ್ನು ಎರಡನೆಯದರ ಮೇಲೆ ಹೀಗೆಯೇ. ಮೂಲೆ ತುಂಬಿದ ಮೇಲೆ ಮತ್ತೊಂದು ಪಕ್ಕ. ಎರಡೂ ಮುಗಿದರೆ ಚೌಕವನ್ನು ಮಗುಚಿ, ತಳಬಟ್ಟೆಯ ಅಂಚೇ ಗುರುತಾಗಿ, ಹೊರಕ್ಕೆ ಚಾಚಿದ ತುದಿಗಳನ್ನು ಕತ್ತರಿಸಿಬಿಡಿ. ಅಷ್ಟೇ ಕೆಲಸ. ಪಟ್ಟಿಯು ಒಂದು ಕಡೆ ಅಗಲ ಒಂದು ಕಡೆ ಕಿರಿದಾಗಿದ್ದರೂ ಬಾಧಕವಿಲ್ಲ. ಹಾಸಿನ ಉದ್ದಕ್ಕೆ ಕತ್ತರಿಸಿದ್ದೋ ಹೊಕ್ಕಿನ ಉದ್ದಕ್ಕೋ ಎಂದು ನೋಡಬೇಕಾದ್ದೂ ಇಲ್ಲ. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದತ್ತ ಜಗ್ಗುವುದನ್ನು ಹೊಲಿಗೆ ಬಲ್ಲವರು ಬಲ್ಲರು. ಇಲ್ಲಿ ತಳಬಟ್ಟೆಯು ಅದನ್ನು ಜಗ್ಗಗೊಡುವುದಿಲ್ಲ. ಮೂಲೆಗೆ ಬರುವ ಕೊನೆಯ ಪಟ್ಟಿಯು ಮಾತ್ರ ಸ್ವಲ್ಪ ಅಗಲವಾಗಿರಲಿ. ಇಲ್ಲವಾದರೆ ಚೌಕಗಳನ್ನು ಜೋಡಿಸುವಾಗ ಅದು ಹೊಲಿಗೆಯೊಳಗೆ ನುಂಗಿಹೋಗುತ್ತದೆ.

ಈ ಕೆಲಸದಿಂದ ಬಟ್ಟೆ ಬಹಳ ಉಳಿಯುತ್ತದೆಂದು ಹೇಳುವವರ ಮಾತನ್ನು ಲೆಕ್ಕ ಹಾಕದೆ ನಂಬಬಾರದು. ಒಬ್ಬರು ಹೊದೆಯುವ ಕೌದಿ ಅಗಲ 60 ಅಂಗುಲ, ಉದ್ದ 90 ಅಂಗುಲವೆಂದು ಇಟ್ಟುಕೊಳ್ಳೋಣ. ಹತ್ತೂವರೆ ಅಂಗುಲದ ಚೌಕಗಳನ್ನು ಕತ್ತರಿಸಿದರೆ, ಹೊಲಿಗೆಗೆ ಕಳೆದು ಹತ್ತಂಗುಲ ಉಳಿಯುತ್ತದೆ. 54 ಚೌಕ ಬೇಕು. ತಳಬಟ್ಟೆಗೆ ಸೀರೆಯ ಅಗಲದ ನಾಲ್ಕು ಗಜಕ್ಕೆ ಸ್ವಲ್ಪ ಮೇಲೆ ಸಾಕು. ಆದರೆ ಒಂದೂವರೆ ಅಂಗುಲದ ಪಟ್ಟಿಯಲ್ಲಿ ಅರ್ಧ ಅಂಗುಲ ಹೊಲಿಗೆಯೊಳಗೆ ಅಡಗುವುದರಿಂದ, ಮೇಲಿನ ಪಟ್ಟಿಗಳಿಗೆ ಅದೇ ಅಗಲದ ಐದೂವರೆ ಗಜಕ್ಕೆ ಕಡಿಮೆಯಿಲ್ಲದಷ್ಟು ಚೂರು ಬೇಕು. ಒಂದು ಅಂಗುಲದ ಪಟ್ಟಿಯಾದರೆ ಅರ್ಧಕ್ಕರ್ಧವೇ ಮರೆಯಾಗುತ್ತದೆ. ಅದಕ್ಕಿಂತ ಕಿರಿದಾದುದನ್ನು ದಿಂಬಿಗೆ ತುಂಬುವುದು ವಿವೇಕ. ಇದು ಉಳಿತಾಯದ ಕೆಲಸವೆನ್ನುವುದಕ್ಕಿಂತ, ಬೇರೆ ಯಾವುದಕ್ಕೂ ಬಾರದುದನ್ನು ಉಪಯೋಗಿಸುವ ಕೆಲಸವೆಂದರೆ ನಿಜವಾದೀತು. ಅಂಥದಕ್ಕೆ ನಮ್ಮ ಪಟ್ಟಣಗಳಲ್ಲಿ ಕೊರತೆಯೇನು? ಅರಿಸಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಟ್ಟ ರವಿಕೆಯ ಕಣಗಳು ಬೀರುವಿನಲ್ಲಿ ರಾಶಿಬಿದ್ದಿರುತ್ತವೆ. ದರ್ಜಿಯ ಅಂಗಡಿಯಲ್ಲಿ ಪ್ರತಿ ಸಂಜೆ ಗುಡಿಸಿ ಚೀಲ ತುಂಬುವ ಚೂರುಗಳು ಕಸದ ಗಾಡಿಗೆ ಹೋಗುತ್ತವೆ. ಕೇಳಿದರೆ ಕೊಡದ ದರ್ಜಿಯನ್ನು ನಾವು ಇನ್ನೂ ಕಂಡಿಲ್ಲ. ಕೃತಕ ನೂಲಿನ ಬಟ್ಟೆಯನ್ನು ಮಾತ್ರ ಬೇರೆ ತೆಗೆದಿಡಬೇಕು. ಕಾದ ಇಸ್ತ್ರಿಯ ಕೆಳಗೆ ಅದು ಹಪ್ಪಳದಂತೆ ಮುದುಡುತ್ತದೆ.

ನಮ್ಮ ಅವಿವೇಕವನ್ನೂ ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಮೊದಲ ಆರು ಚೌಕಗಳಿಗೆ ಮೆತ್ತಗಿದೆಯೆಂದು ಒಂದು ಜಾಳುಜಾಳಾದ ಪಂಚೆಯನ್ನು ತಳಕ್ಕೆ ಹಾಕಿದೆವು. ಹೊಲಿದಂತೆಲ್ಲ ಅದು ಸೊಟ್ಟಗಾಗಿ, ಆರು ಚೌಕಗಳೂ ಆರು ಆಕಾರವಾದುವು. ಅದು ಸಾಲದೆಂಬಂತೆ, ಒಗೆಯದ ಹೊಸ ಕೆಂಪು ಕಣವೊಂದನ್ನು ಸೇರಿಸಿದ್ದೆವು. ಮೊದಲ ನೀರಿಗೇ ಅದು ಬಣ್ಣ ಬಿಟ್ಟು, ದೊಡ್ಡಮ್ಮನವರ ಸೀರೆಯ ಮೂರು ಬಿಳಿಯ ಪಟ್ಟಿಗಳು ಗುಲಾಬಿಯಾದುವು. ಆ ಸೀರೆಯಲ್ಲಿ ಬಿಳಿಯ ಭಾಗ ಉಳಿದಿದ್ದದ್ದೇ ಅಷ್ಟು. ಅಂದಿನಿಂದ ಪ್ರತಿಯೊಂದು ಹೊಸ ಚೂರನ್ನೂ ನೆನೆಸಿ, ಬಿಳಿಯ ಬಟ್ಟೆಯ ಮೇಲೆ ಒತ್ತಿ ನೋಡದೆ ಸೂಜಿಗೆ ಕೊಡುವುದಿಲ್ಲ. ತಳಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇವೆ. ಹಳೆಯ ಸೀರೆಯೆಲ್ಲವೂ ಒಂದೇ ಸಮನಾಗಿ ಸವೆದಿರುವುದಿಲ್ಲ. ಮಂಡಿಯ ಮೇಲೆ ಬರುವ ಭಾಗವೂ ಕುಳಿತುಕೊಳ್ಳುವ ಭಾಗವೂ ಜರಡಿಯಾಗಿದ್ದರೆ, ಸೊಂಟಕ್ಕೆ ಸುತ್ತುವ ಒಳಸುತ್ತು ಹೊಸದರಂತೆ ಇರುತ್ತದೆ. ಹೊರಗೆ ಯಾರೂ ನೋಡದ ಆ ಒಳಸುತ್ತೇ ತಳಕ್ಕೆ ಉತ್ತಮವಾದದ್ದು. ಮಡಿಕೆಯಲ್ಲಿಯೇ ಬಿರುಕುಬಿಡುವ ಹಳೆಯ ರೇಷ್ಮೆಯನ್ನು ಕೂಡ ಇಂಥ ತಳದ ಮೇಲೆ, ಎರಡು ನೂಲಿನ ಪಟ್ಟಿಗಳ ನಡುವೆ ಕೂರಿಸಬಹುದು. ಕೌದಿಯ ಹೊರ ಅಂಚಿಗೆ ಮಾತ್ರ ಅದು ಸಲ್ಲದು.

ಚೌಕಗಳನ್ನು ಜೋಡಿಸುವುದರಲ್ಲಿ ಒಂದು ಸೊಗಸಿದೆ. ಎಲ್ಲ ಚೌಕಗಳ ನಡುಪಟ್ಟಿಯೂ ಒಂದೇ ಬಣ್ಣದ್ದಾಗಿದ್ದರೆ, ನಾಲ್ಕು ಚೌಕಗಳನ್ನು ಎದುರುಬದುರಾಗಿ ತಿರುಗಿಸಿಟ್ಟಾಗ ಆ ಪಟ್ಟಿಗಳು ಕೂಡಿ, ಚುಕ್ಕೆಯಿಟ್ಟು ಎಳೆದ ರಂಗವಲ್ಲಿಯಂತೆ ಕೌದಿಯ ಉದ್ದಗಲಕ್ಕೂ ಬಲೆಯೊಂದು ಮೂಡುತ್ತದೆ. ನಡುವೆ ಏನೇ ಗಲಿಬಿಲಿಯಿದ್ದರೂ ಕಣ್ಣಿಗೆ ಕಾಣುವುದು ಆ ಬಲೆ. ನಾವು ನಡುಪಟ್ಟಿಗೆ ದೊಡ್ಡಮ್ಮನವರ ಹಸುರು ಸೀರೆಯನ್ನು ಆರಿಸಿಕೊಂಡೆವು. ಜೋಡಿಸಿದ ಮೇಲೆ ಹಿಂದೆ ಮತ್ತೊಂದು ಹಳೆಯ ಸೀರೆಯನ್ನು ಕೊಟ್ಟು, ಕೌದಿಯ ಪದ್ಧತಿಯಂತೆಯೇ ಎರಡು ಬೆರಳಿಗೊಂದು ಸಾಲು ಹೊಲಿಗೆ. ನಡುವೆ ಹತ್ತಿ ಬೇಕಾಗಿಲ್ಲ. ಧನುರ್ಮಾಸದ ಚಳಿಗೂ ಇಷ್ಟು ಪದರ ಸಾಕು.

ನುಗ್ಗೇಹಳ್ಳಿಯ ಹೆಸರೆತ್ತಿದ ಮೇಲೆ ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯವನ್ನು ನೆನೆಯದೆ ಬಿಡುವುದುಂಟೆ? 1246ರಲ್ಲಿ, ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಗುಡಿ ಅದು. ಹೊರಗೋಡೆಯ ವಿಗ್ರಹಗಳನ್ನು ಬೈಚೋಜ, ಮಲ್ಲಿತಮ್ಮ ಎಂಬ ಇಬ್ಬರು ರೂವಾರಿಗಳು ದಕ್ಷಿಣ ಉತ್ತರಗಳಾಗಿ ಹಂಚಿಕೊಂಡು ಕಡೆದರು. ಬಲ್ಲವರು ಎರಡು ಕೈಗಳ ವ್ಯತ್ಯಾಸವನ್ನು ಗುರುತಿಸುತ್ತಾರೆ. ಕೆಳಗೆ ಗುಡಿಯ ಸುತ್ತಲೂ ಆನೆಗಳದೊಂದು, ಕುದುರೆ ಸವಾರರದೊಂದು, ಬಳ್ಳಿಯದೊಂದು, ಹೀಗೆ ಕಿರಿದಾದ ಪಟ್ಟಿಕೆಗಳು ಒಂದರ ಮೇಲೊಂದು ಹರಿದಿವೆ. ನಾವು ಮೊದಲ ಕೌದಿಯನ್ನು ಆ ಊರಿಗೆ ಒಯ್ದು ಜಗುಲಿಯ ಮೇಲೆ ಹರಡಿದಾಗ, ದೊಡ್ಡಮ್ಮನವರ ಮೊಮ್ಮಗಳು ನೋಡಿ “ಗುಡಿಯ ಗೋಡೆ ಇದ್ದ ಹಾಗಿದೆ” ಎಂದಳು. ಹೋಲಿಕೆ ದೂರದ್ದು, ಮಗುವಿನ ಮಾತೆಂದು ಹೇಳಿದ್ದೇವೆ.

ಆ ಕೌದಿಯನ್ನು ಮಗಳಿಗೆ ಕೊಟ್ಟೆವು. ಎರಡನೆಯದು ಕಿರಿಯ ಮಗನ ಮನೆಗೆ ಹೋಯಿತು. ಹಿರಿಯ ಸೊಸೆ ಎರಡನ್ನೂ ಮುಟ್ಟಿ ನೋಡಲಿಲ್ಲ. ನಮಗೆ ಅದು ಹಟವೆಂದೇ ತೋರಿತ್ತು. ಆಮೇಲೆ ತಿಳಿದದ್ದೇನೆಂದರೆ, ದೊಡ್ಡಮ್ಮನವರು ಹಾಸಿಗೆ ಹಿಡಿದ ಎರಡು ವರ್ಷಗಳಲ್ಲಿ ದಿನಕ್ಕೆ ಎರಡು ಮೂರು ಬಾರಿ ಆ ಸೀರೆಗಳನ್ನು ಬದಲಿಸಿ ಒಗೆದು ಒಣಗಿಸಿದವರು ಅವರೇ. ಆ ಹಸುರನ್ನು ಕಂಡರೆ ಅವರಿಗೆ ನೆನಪಾಗುವುದು ನಮಗೆ ನೆನಪಾಗುವಂಥದ್ದಲ್ಲ.

ಹೋದ ಮಾರ್ಗಶಿರದಲ್ಲಿ ಅವರೇ ಹೇಳಿಕಳುಹಿಸಿದರು: ಗಂಟಿನ ರವಿಕೆಯ ಚೂರುಗಳಿಂದ ಮಾತ್ರ ಒಂದನ್ನು ಹೊಲಿದುಕೊಡಲಾದೀತೇ, ಸೀರೆ ಬೇಡ ಎಂದು. ಚೂರುಗಳು ಬೇಕಾದಷ್ಟಿದ್ದುವು. ತಳಕ್ಕೆ ಹಾಕಲು ನಮ್ಮಲ್ಲಿ ಉಳಿದಿದ್ದದ್ದು ಆ ಸೀರೆಗಳ ಒಳಸುತ್ತೇ. ಹೇಳದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಕೌದಿ ಹೊಲಿದಾದ ಮೇಲೆ ತಳಬಟ್ಟೆಯನ್ನು ಬಿಚ್ಚಿ ನೋಡುವವರಾರು? ಒಂದು ವಾರ ಯೋಚಿಸಿ, ಕಡೆಗೆ ಹೇಳಿಯೇ ಬಿಟ್ಟೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮೇಲಕ್ಕೆ ಕಾಣುವುದಿಲ್ಲವಲ್ಲ, ಇರಲಿ ಬಿಡಿ ಅಕ್ಕಾ” ಎಂದರು.

ಆ ಕೌದಿಯ 54 ಚೌಕಗಳಲ್ಲಿ 46 ಮುಗಿದಿವೆ. ನಡುಪಟ್ಟಿಗೆ ಅವರು ತಮ್ಮ ಮದುವೆಯ ಕಾಲದ ರವಿಕೆಯೊಂದನ್ನು ಕಳುಹಿಸಿದ್ದಾರೆ. ಅದು 50 ಚೌಕಕ್ಕೆ ಸಾಕಾಗುವಂತಿದೆ, ಉಳಿದ ನಾಲ್ಕಕ್ಕೆ ಅದೇ ಬಣ್ಣವನ್ನು ಹುಡುಕುತ್ತಿದ್ದೇವೆ.